ನನ್ನ ಕನ್ನಡಕವನ್ನೂ ನೆನೆಸಿಕೋ

ದೊಡ್ಡವಳೇ,

ಸತ್ತ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು, ಬೈಗುಳದಿಂದಲೇ ಶುರು ಮಾಡುತ್ತೇನೆ. ಇಲ್ಲಿ ನಮಗೆ ಸಿಗುವುದು ಅಲ್ಲಿ ನೀವು ನೆನೆಸಿಕೊಂಡಷ್ಟೇ. ನೀನು ನನ್ನ ಹೊಲಿಗೆ ಮಿಷನ್ ನೆನೆಸಿಕೊಂಡೆ, ಬಂತು. ಕನ್ನಡಕ ಮರೆತೆ. ಸೂಜಿಗೆ ದಾರ ಹೇಗೆ ಪೋಣಿಸಲಿ? ಈ ಅಕ್ಷರಗಳು ಸೊಟ್ಟಗಿರುವುದೂ ಅದಕ್ಕೇ.

ನಿನ್ನ ತಮ್ಮ ಬಂದವರಿಗೆಲ್ಲ ‘ಅಮ್ಮನಿಗೆ ಸಿಟ್ಟೇ ಬರ್ತಿರಲಿಲ್ಲ’ ಅಂತ ಹೇಳಿಕೊಂಡು ತಿರುಗುತ್ತಾನಂತೆ. ಅವನ ಬೆನ್ನ ಮೇಲೆ ಸ್ಕೇಲು ಮುರಿದವರು ಯಾರಂತೆ? ಅವನು ಹಾಗೆ ನೆನೆಸಿಕೊಳ್ಳುವ ದೆಸೆಯಿಂದ, ಇಲ್ಲಿ ಪಕ್ಕದವಳು ನನ್ನ ಕತ್ತರಿ ಎತ್ತಿಕೊಂಡು ಹೋದರೂ ಹಲ್ಲು ಕಿರಿದುಕೊಂಡು ನಿಂತಿರುತ್ತೇನೆ. ಬೈಯಲು ಬರುವುದು ನಿನ್ನ ಹತ್ತಿರ ಮಾತ್ರ. ಅದನ್ನಾದರೂ ನೀನು ಮರೆತಿಲ್ಲ.

ಇನ್ನೊಂದು ವಿಷಯ. ಆಸ್ಪತ್ರೆಯ ಆ ಕೊನೆಯ ಮಧ್ಯಾಹ್ನವನ್ನು ನೆನೆಸಿಕೊಳ್ಳುವುದು ಬಿಡು. ನೀನು ನೆನೆಸಿಕೊಂಡಾಗಲೆಲ್ಲ ನಾನು ಕೈಯಲ್ಲಿರುವ ಬಟ್ಟೆ ಬಿಟ್ಟು ಹೋಗಿ, ಮೂಗಿಗೆ ಪೈಪು ಸಿಕ್ಕಿಸಿಕೊಂಡು ಆ ಮಂಚದ ಮೇಲೆ ಮತ್ತೆ ಮಲಗಬೇಕು. ಅದರ ಬದಲು ನಿನ್ನ ಸ್ಕೂಲ್ ಯೂನಿಫಾರಂ ಹೊಲಿದ ದಿನ ನೆನೆಸಿಕೋ. ಅವತ್ತು ಕನ್ನಡಕ ಹಾಕಿಕೊಂಡಿದ್ದೆ.

ಎಷ್ಟು ಯೋಚಿಸಿದರೂ ಬೇರೇನೂ ನೆನಪಿಗೆ ಬರದಿದ್ದರೆ ಆ ಮಧ್ಯಾಹ್ನವೇ ಇರಲಿ. ಹೋಗಿ ಮಲಗುತ್ತೇನೆ.

ನಿನ್ನ ಅಮ್ಮ