ಸಹಿಹಬ್ಬದ ರಜೆ

ದಾವಣಗೆರೆ, ೨೨೧೪ನೇ ಇಸವಿ, ಫೆಬ್ರವರಿ ಮೂವತ್ತು.

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ವಕೀಲೆ ನಾಗವೇಣಿ ಕಮ್ಮಾರಳ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ರಜೆ ಎಂದು ಕೊಟ್ಟುಬಿಡುತ್ತಾರೆ. ನನ್ನ ಕನ್ನಡದ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಕೋಪದಲ್ಲಿ ಬರೆಯುತ್ತಿದ್ದೇನೆ. ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ಸಮುದ್ರ ನಮ್ಮ ಕರಾವಳಿಯ ಅರ್ಧವನ್ನು ನುಂಗಿದೆ. ಮುಳುಗಿದ ಊರುಗಳ ಮೇಲೆ ಜನ ತೇಲುವ ಅಟ್ಟ ಕಟ್ಟಿಕೊಂಡು ಬದುಕುತ್ತಾರೆ. ಅದಕ್ಕೆ ನೀರಟ್ಟ ಎನ್ನುತ್ತೇವೆ. ಚಂದ್ರಾವತಿ ಖಾರ್ವಿ ಹುಟ್ಟಿದ್ದು ಅಂಥದೊಂದರ ಮೇಲೆ, ಹಿಂದೆ ಕುಮಟಾ ಇದ್ದ ಜಾಗದಲ್ಲಿ. ಹುಡುಗಿಯಾಗಿದ್ದಾಗಲೇ ಇಲ್ಲಿಗೆ ಬಂದವಳು, ಈಗ ತಲೆ ನರೆತಿದೆ. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಪಡ್ಡು ಹಾಕುತ್ತಿದ್ದಳು, ಸಂಜೆ ಒಣಮೀನು ಮಾರುತ್ತಿದ್ದಳು. ನನ್ನ ಮಗಳ ಬಾಣಂತನ ಮಾಡಿದ್ದೂ ಅವಳೇ. ಆದರೆ ನಮ್ಮ ಕಾನೂನಿನಲ್ಲಿ ನೆಲದ ಮೇಲೆ ಹುಟ್ಟಿದವರಷ್ಟೇ ಪ್ರಜೆಗಳು. ಇದಕ್ಕೆ ನೆಲಹುಟ್ಟು ಎಂದು ಹೆಸರು. ನಮ್ಮ ಪರಂಪರೆ ಎಂಬ ಹೆಮ್ಮೆ ಬೇರೆ. ಕಳೆದ ತಿಂಗಳು ಅವಳನ್ನು ನೀರಿಗೆ ವಾಪಸು ಕಳಿಸುವ ಆದೇಶ ಬಂತು. ಆ ನೀರಟ್ಟದಲ್ಲಿ ಅವಳವರು ಅಂತ ಒಬ್ಬರೂ ಉಳಿದಿಲ್ಲ.

ಯಾರನ್ನೂ ದೇಶವಿಲ್ಲದವರನ್ನಾಗಿ ಮಾಡಬಾರದು ಎಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ನಿಮ್ಮ ಮರಿಮಕ್ಕಳು ಸಹಿ ಹಾಕಿದರು. ಹೊರಗೆ ಚಪ್ಪಾಳೆ ಗಿಟ್ಟಿಸಿಕೊಂಡರು, ಒಳಗೆ ಬಂದು ಕಾಯ್ದೆ ಮಾಡಲಿಲ್ಲ. ನಮ್ಮ ನ್ಯಾಯಪದ್ಧತಿಯಲ್ಲಿ ಸಂಸತ್ತು ಕಾಯ್ದೆ ಮಾಡದ ಹೊರತು ಒಪ್ಪಂದಕ್ಕೆ ಕೋರ್ಟಿನಲ್ಲಿ ಬಲವಿಲ್ಲ. ಆ ಪದ್ಧತಿಯೇ ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಕಾಯ್ದೆ ಮಾಡುವ ಬದಲು ಇವರು ಏನು ಮಾಡಿದರು ಗೊತ್ತೇ? ಪೂಜೆ. ವರ್ಷಕ್ಕೊಮ್ಮೆ ಸಹಿಹಬ್ಬ. ಒಪ್ಪಂದದ ಪ್ರತಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಚೆಂಡುಹೂವಿನ ಹಾರ ಹಾಕಿ, ವಾಲಗ ಊದಿಸಿಕೊಂಡು ಊರೆಲ್ಲ ಮೆರವಣಿಗೆ. ದಾರಿಯುದ್ದಕ್ಕೂ ಮಂಡಕ್ಕಿ, ಬೆಲ್ಲ ಹಂಚುತ್ತಾರೆ. ಪೆಟ್ಟಿಗೆ ತೆರೆದು ಓದಿದವರನ್ನು ನಾನಂತೂ ಕಾಣೆ.

ತಡೆಯಾಜ್ಞೆ ಕೇಳಿಕೊಂಡು ಹೋದೆ. ನ್ಯಾಯಾಧೀಶರು ಕೆಟ್ಟವರಲ್ಲ. ಒಪ್ಪಂದದ ಬಲದ ಮೇಲೆ ಆದೇಶ ರದ್ದು ಮಾಡಲಾಗದು, ಆದರೆ ಸ್ವಲ್ಪ ಕಾಲ ತಡೆಯಬಹುದೇ ಎಂದು ನೋಡುತ್ತೇನೆ ಎಂದು ವಿಚಾರಣೆಗೆ ದಿನ ಕೊಟ್ಟರು. ಹೊರಗೆ ಬಂದಾಗ ಗುಮಾಸ್ತರು ಕ್ಯಾಲೆಂಡರ್ ನೋಡಿ, "ಅವತ್ತು ಆಗಂಗಿಲ್ರೀ ಮೇಡಂ, ಸಹಿಹಬ್ಬ ಐತಿ, ಕೋರ್ಟಿಗೆ ರಜಾ" ಎಂದು ನಮ್ಮ ಕೇಸನ್ನು ಮುಂದಕ್ಕೆ ತಳ್ಳಿದರು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಪೊಲೀಸರಿಗೆ ರಜೆ ಇರಲಿಲ್ಲ. ಸಹಿಹಬ್ಬದ ದಿನವೇ ಅವಳನ್ನು ವ್ಯಾನಿಗೆ ಹತ್ತಿಸಿದರು. ಸರ್ಕಲ್ಲಿನಲ್ಲಿ ಮೆರವಣಿಗೆ ಅಡ್ಡ ಬಂದು ವ್ಯಾನು ನಿಂತಿತು. ಹಿಂದೆಯೇ ಓಡಿಬಂದ ನಾನು ಕಿಟಕಿ ಹಿಡಿದುಕೊಂಡೆ. ಯಾರೋ ಕಂಬಿಯ ಸಂದಿಯಲ್ಲಿ ಅವಳಿಗೂ ಮಂಡಕ್ಕಿ ಕೊಟ್ಟರು. ಪೆಟ್ಟಿಗೆ ಹತ್ತಿರ ಬಂದಾಗ ಅವಳು ಕೈಮುಗಿದಳು. ಆಮೇಲೆ, "ನನ್ನಂಥೋರ ಸುದ್ದಿ ಅದ್ರಾಗೆ ಐತೇನಕ್ಕಾ?" ಎಂದು ಕೇಳಿದಳು. ಐತಿ ಎಂದೆ. "ಹಂಗಾರೆ ಅವ್ರಿಗೆ ಓದಿ ಹೇಳು" ಎಂದಳು. ನಾನು ಗಂಟಲು ಹರಿಯುವಂತೆ ಕೂಗಿದೆ. ವಾಲಗದ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಇವತ್ತು ಕೇಸು ಬಂತು. ಅರ್ಜಿದಾರಳು ಖುದ್ದಾಗಿ ಹಾಜರಿಲ್ಲವೆಂದು ಅರ್ಜಿ ವಜಾ ಆಯಿತು. ಕಳಿಸಿದವರೂ ಇವರೇ, ಎಲ್ಲಿ ಎಂದು ಕೇಳುವವರೂ ಇವರೇ.

ಹಿರಿಯರೇ, ಹೊರಗೆ ಸಹಿ ಹಾಕಿ ಒಳಗೆ ಮರೆಯುವ ಈ ಚಾಳಿ ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ ಎಂಬ ಗುಮಾನಿ ನನಗಿದೆ. ಜಗತ್ತಿಗೆ ನೀವು ಕೊಟ್ಟಿರುವ ಮಾತುಗಳನ್ನು ಒಮ್ಮೆ ತೆಗೆದು ಓದಿ. ಕಾಯ್ದೆ ಮಾಡಿ ಎಂದು ನಿಮ್ಮವರ ಬೆನ್ನು ಹತ್ತಿ. ಪರಂಪರೆ ಅಡ್ಡಬರುತ್ತದೆ ಎಂದರೆ, ಕೊಟ್ಟ ಮಾತು ಉಳಿಸಿಕೊಳ್ಳುವುದು ಯಾರ ಪರಂಪರೆ ಎಂದು ಕೇಳಿ.

ಚಂದ್ರಾವತಿಯ ಪಡ್ಡಿನ ಹಂಚು ನಮ್ಮ ಮನೆಯಲ್ಲಿದೆ. ಬೆಳಿಗ್ಗೆ ಗಿರಾಕಿಗಳು ಬಾಗಿಲಿಗೆ ಬಂದು, ಅವಳು ಯಾವಾಗ ಬರುತ್ತಾಳೆ ಎಂದು ವಿಚಾರಿಸುತ್ತಾರೆ. ಅವರಲ್ಲಿ ಅರ್ಧ ಜನ ಅವತ್ತು ಮೆರವಣಿಗೆಯಲ್ಲಿ ಇದ್ದವರು.