ಹೇಳಿ ಹೋದ ಅಪ್ಪ

ಶುಕ್ರವಾರ, ಜುಲೈ ೧೨

ಮುದ್ದಿನ ಮಗಳಿಗೆ,

ಅಮ್ಮನ ನೆನಪುಗಳು. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ತಡವಾಯಿತೆಂದು ಬೈಯಬೇಡ. ಶಿಶುವಿಹಾರದಲ್ಲಿ ಒಂದು ಉಡದ ಮರಿಯ ಕೈಗೆ ಸಿಕ್ಕಿಬಿದ್ದಿದ್ದೆ. ಇವತ್ತು ಬಿಡುಗಡೆಯಾಯಿತು ನೋಡು, ಕೈಕಾಲು ಕೂಡ ತೊಳೆಯದೆ ಬರೆಯಲು ಕೂತಿದ್ದೇನೆ.

ಉಡ ಎಂದರೆ ಮೂರು ವರ್ಷದ ಹುಡುಗಿ. ಅಪ್ಪನ ಕಾಲು ಹಿಡಿದಳೆಂದರೆ ಬಿಡಿಸಲು ಇಬ್ಬರು ಬೇಕು, ಅದಕ್ಕೇ ಆ ಹೆಸರು. ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಅವನು ಬಸ್ ಡ್ರೈವರ್. ಇವಳ ದೆಸೆಯಿಂದ ಬೆಳಗಿನ ಬಸ್ಸು ಮತ್ತೆ ಮತ್ತೆ ತಡವಾಗಿ, ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ ಎಂದು ಡಿಪೋದಲ್ಲಿ ಹೇಳಿಬಿಟ್ಟಿದ್ದರು.

ನಮ್ಮ ಆಯಾ ನಿನಗೆ ಗೊತ್ತಲ್ಲ, ಅವಳದು ಎಲ್ಲದಕ್ಕೂ ಒಂದೇ ಮದ್ದು. ಮಗುವಿಗೆ ಗೊಂಬೆ ತೋರಿಸುವುದು, ಹೆತ್ತವರನ್ನು ಹಿಂಬಾಗಿಲಿನಿಂದ ಸಾಗಹಾಕುವುದು. ಹಾಗೇ ಮಾಡಿದೆವು. ಅವತ್ತಿನಿಂದ ಹುಡುಗಿ ಗೊಂಬೆ ಕಂಡರೇ ಹೆದರತೊಡಗಿದಳು. ಊಟವಿಲ್ಲ, ಆಟವಿಲ್ಲ, ಬಾಗಿಲಿಗೆ ಕಣ್ಣು ನೆಟ್ಟು ಕೂತುಬಿಡುತ್ತಿದ್ದಳು.

"ನಾಳೆಯಿಂದ ಮುಖ ನೋಡಿ ಹೇಳಿ ಹೋಗಿ" ಎಂದೆ ಡ್ರೈವರಿಗೆ.

"ಅಳ್ತಾಳೆ ಮೇಡಂ."

"ಅಳಲಿ ಬಿಡಿ. ಹೇಳಿ ಹೋದ್ರೆ ಅತ್ತು ಸುಮ್ಮನಾಗ್ತಾಳೆ. ಕದ್ದು ಹೋದ್ರೆ ದಿನವಿಡೀ ಕಾಯ್ತಾಳೆ."

ಮರುದಿನ ಅವನು ಕುಕ್ಕರುಗಾಲಲ್ಲಿ ಕೂತು, "ನೀನು ಮಲಗಿ ಎದ್ದಾಗ ಇಲ್ಲೇ ಇರ್ತೀನಿ" ಎಂದು ಹೇಳಿ ಹೋದ. ಸೂರು ಕಿತ್ತುಹೋಗುವಂತೆ ಅತ್ತಳು. ಆಯಾ ನನ್ನನ್ನು ದುರುಗುಟ್ಟಿ ನೋಡಿದಳು. ಆದರೆ ಮಗು ಕಣ್ಣುಜ್ಜಿಕೊಂಡು ಎದ್ದಾಗ ಡ್ರೈವರ್ ಖಾಕಿ ಬಟ್ಟೆಯಲ್ಲೇ ಚಾಪೆಯ ಪಕ್ಕ ಕೂತಿದ್ದ. ಅದರ ಮರುದಿನವೂ ಬಂದ, ಒಂದು ದಿನವೂ ಮಾತು ತಪ್ಪಲಿಲ್ಲ.

ಇವತ್ತು ಏನಾಯಿತು ಗೊತ್ತಾ? ಉಡ ತಾನಾಗಿ ಹಿಡಿತ ಬಿಟ್ಟಿತು. "ಅಪ್ಪಾ, ಬಸ್ಸು ಕಾಯ್ತಿದೆ, ಹೋಗು" ಎಂದು ಅವನನ್ನೇ ಬಾಗಿಲಾಚೆ ತಳ್ಳಿ, ಬಂದು ಗೊಂಬೆ ಎತ್ತಿಕೊಂಡಳು. ಈ ವಯಸ್ಸಿನಲ್ಲಿ ನನಗೆ ಕುಣಿಯಬೇಕೆನಿಸಿತು ಕಣೇ. ಡ್ರೈವರ್ ಮಾತ್ರ ಹೊಸ್ತಿಲಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. "ಈಗ ಇವರಿಗೆ ಗೊಂಬೆ ತೋರಿಸ್ಲಾ ಮೇಡಂ?" ಎಂದಳು ಆಯಾ. ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತು, ಅವನ ಕೆಲಸವೂ ಉಳಿಯಿತು.

ಹೊತ್ತು ಹೊತ್ತಿಗೆ ಊಟ ಮಾಡು. ನೂರು ಕಾಲ ಚೆನ್ನಾಗಿರು.

ಆಶೀರ್ವಾದಗಳೊಂದಿಗೆ,
ನಿನ್ನ ಅಮ್ಮ

ಮರೆತಿದ್ದೆ: ಮುಂದಿನ ತಿಂಗಳು ಬರುತ್ತೇನೆಂದು ಬರೆದಿದ್ದೀಯ. ಅಮ್ಮ ಅಳುತ್ತಾಳೆಂದು ಪ್ರತಿ ಸಲ ನಾನು ಏಳುವ ಮೊದಲೇ ಹೊರಟುಬಿಡುತ್ತೀಯ. ಹೋದ ಸಲ ನೀನು ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲು ದಾಟಿದಾಗ ನಾನು ಎಚ್ಚರವಾಗಿಯೇ ಇದ್ದೆ. ಈ ಸಲ ಹೇಳಿ ಹೋಗು, ಮಗಳೇ. ಯಾವಾಗ ಎದ್ದು ಹೋಗಿಬಿಡುತ್ತೀಯೋ ಎಂದು, ನೀನು ಮನೆಯಲ್ಲಿದ್ದಷ್ಟು ದಿನ ನನಗೆ ನಿದ್ದೆಯೇ ಬರುವುದಿಲ್ಲ.