ಒಣಗಿದ ಗಾರೆಯ ಮೇಲಿನ ಮುಖ

ಅಪ್ಪಾ,

ನೀವು ಉಯಿಲಿನಲ್ಲಿ ಬರೆಸಿದ್ದ ಹಾಗೆಯೇ ಆಯಿತು. ಪ್ರಾತೊ ಊರಿನ ನಮ್ಮ ಸನ್ಯಾಸಿನಿಯರ ಮಠದ ಊಟದ ಮನೆಯ ಗೋಡೆಯಲ್ಲಿ ಸಂತ ಜೆರೋಮರು ನಿಮ್ಮ ಮುಖ ಹೊತ್ತು, ಮಂಡಿಯೂರಿ ಪ್ರಾರ್ಥಿಸುತ್ತಿದ್ದಾರೆ. ಬರೆದವಳು ನಾನೇ. ಅಕ್ಕ ಲಾಪಾಳಿಗೆ ಮದುವೆ, ನನಗೆ ಮಠ ಎಂದು ಹನ್ನೆರಡನೇ ವಯಸ್ಸಿಗೆ ಇಲ್ಲಿ ಬಿಟ್ಟುಹೋದಿರಿ. ಆಮೇಲೆ ಒಮ್ಮೆಯೂ ನನ್ನ ಮುಖ ನೋಡಲು ಬರಲಿಲ್ಲ.

ಗಾರೆ ಹಸಿಯಿರುವಾಗ ಬಳಿದ ಬಣ್ಣ ಗೋಡೆ ಇರುವವರೆಗೂ ಇರುತ್ತದೆ. ಒಣಗಿದ ಮೇಲೆ ಬಳಿದದ್ದು ನಾಲ್ಕು ಚಳಿಗಾಲ ಕಳೆಯುವಷ್ಟರಲ್ಲಿ ಉದುರತೊಡಗುತ್ತದೆ. ಸೋಮವಾರ ಹಸಿ ಗಾರೆಯ ಮೇಲೆ ಮುಖವೊಂದನ್ನು ಬಿಟ್ಟು ಸಂತರ ಮೈಯನ್ನೆಲ್ಲ ಬರೆದು ಕುಂಚ ಕೆಳಗಿಟ್ಟೆ.

“ಮೂರು ದಿನ ಆಯ್ತು ಕಣೇ, ನಿಮ್ಮಪ್ಪನಿಗಿನ್ನೂ ಮುಖವೇ ಬಂದಿಲ್ವಲ್ಲೇ!” ಎಂದು ಮಠದ ಹಿರಿಯ ತಾಯಿ ನಕ್ಕರು.

“ಅಪ್ಪನ ಮುಖ ಅಲ್ವಾ ಅಮ್ಮ, ಅವಸರ ಮಾಡಿದ್ರೆ ಕೆಡುತ್ತೆ” ಎಂದೆ.

ಗಾರೆ ಪೂರ್ತಿ ಒಣಗಿತೆಂದು ಬೆರಳಿಟ್ಟು ನೋಡಿಕೊಂಡು, ಇವತ್ತು ನಿಮ್ಮ ಮುಖ ಬರೆದೆ. ಎಲ್ಲರೂ ಹೊಗಳಿದರು. ಹೊಗಳಲಿ. ಅದು ಊಟದ ಮೇಜಿನ ಮೇಲೆ ಚೂರುಚೂರಾಗಿ ಉದುರುವುದನ್ನು ನೋಡುತ್ತಾ ನಾನು ರೊಟ್ಟಿ ತಿನ್ನುತ್ತೇನೆ.

ಜೋಡಿಸಿದ ಕೈಗಳು ಮಾತ್ರ ಉದುರುವುದಿಲ್ಲ. ಮಠದ ಬಾಗಿಲಲ್ಲಿ ನನ್ನನ್ನು ಬಿಡುವಾಗ ನಡುಗುತ್ತಿದ್ದ ನಿಮ್ಮ ಆ ಕೈಗಳನ್ನು ಸೋಮವಾರ ಎಲ್ಲಕ್ಕಿಂತ ಮೊದಲು ಬರೆದಿದ್ದೆ.